ರಾಯಚೂರು ಹತ್ತಿಗೆ ಫೇರ್‌ಟ್ರೇಡ್ ಮುದ್ರೆ: ಬಿಟಿ ಬೆಳೆಯುವ ಎಫ್‌ಪಿಒಗೆ ದಾರಿ ಐತೇನ್ರಿ?

ಎರೆಹೊಲ_ಮಾನ್ವಿ ಕೇಳಿದ್ದು:

ಮಾನ್ವಿ-ಸಿರವಾರ ಭಾಗದ ರೈತ ಉತ್ಪಾದಕ ಕಂಪನಿ (ಎಫ್‌ಪಿಒ) ನಮ್ದು. ಸದಸ್ಯರು 180, ಹತ್ತಿ 420 ಎಕರೆ, ಮುಕ್ಕಾಲು ಪಾಲು ಮಳೆ ನೀರಿನ ಮ್ಯಾಲೆ. ಎಲ್ಲಾ ಬಿಟಿನೇ (ಕಾಯಿಕೊರಕ ತಡಿಯೋ ಕುಲಾಂತರಿ ಬೀಜ). ಎಕರೆಗೆ ಸರಾಸರಿ 5 ಕ್ವಿಂಟಲ್. ಮಾರೋದು ರಾಯಚೂರು ಎಪಿಎಂಸಿಗೆ, ಇಲ್ಲಾ ಸಿಸಿಐ (ಸರ್ಕಾರದ ಹತ್ತಿ ನಿಗಮ) ಕೇಂದ್ರಕ್ಕ.

ಬೆಂಗಳೂರಿನ ಬಟ್ಟೆ ವ್ಯಾಪಾರಿಯೊಬ್ರು "ಫೇರ್‌ಟ್ರೇಡ್ ಸರ್ಟಿಫಿಕೇಟ್ ಮಾಡಿಸ್ರಿ, ಮುಂದಿನ ಹಂಗಾಮಿಗೆ 300 ಕ್ವಿಂಟಲ್ ತಗೋತೀವಿ" ಅಂದಾರ. ರೈತರಿಗೆ ನ್ಯಾಯದ ಬೆಲೆ ಸಿಕ್ಕೈತಿ ಅಂತ ತೋರ್ಸೋ ಮುದ್ರೆ ಅದು. ಬಾಯಿಮಾತು, ಕಾಗದ ಇನ್ನೂ ಇಲ್ಲ. ಬಿಟಿ ಇದ್ರೂ ಈ ಸರ್ಟಿಫಿಕೇಟ್ ಸಿಗ್ತದೇನು? ಸಿಗೋದಾದ್ರ ಯಾವುದರಿಂದ ಶುರು ಮಾಡ್ಬೇಕು, ಎಷ್ಟು ದಿನ ಹಿಡೀತದ? ಇನ್ನೊಂದು, ನಮ್ಮ ಸದಸ್ಯರ ಮನಿ ಹೆಣ್ಣುಮಕ್ಕಳ ಸಂಘ ಟವೆಲ್, ಕೈಚೀಲ ಹೊಲೀತದ. ಸರ್ಟಿಫಿಕೇಟ್ ಬರೋ ತನಕ ಅದರ ಮ್ಯಾಲೆ "ಫೇರ್ ಟ್ರೇಡ್" ಅಂತ ಬರಕೋಬಹುದಾ?

---

ಅರಳೆ_ಲೆಕ್ಕ:

ಮೊದಲನೇ ಪ್ರಶ್ನೆಗೆ ಉತ್ತರ: ಇಲ್ಲ. ಫೇರ್‌ಟ್ರೇಡ್ ಮುದ್ರೆಯಲ್ಲಿ ಮಾರುವ ಬೆಳೆಗೆ ಕುಲಾಂತರಿ ಬೀಜ ಬಳಸುವ ಹಾಗಿಲ್ಲ. ರಸಗೊಬ್ಬರ ಹಾಕಬಹುದು, ಅವರ ಪಟ್ಟಿಯಲ್ಲಿ ನಿಷೇಧಿಸದ ಔಷಧ ಹೊಡೆಯಬಹುದು, ಸಾವಯವ ಆಗಿರಲೇಬೇಕು ಅಂತಿಲ್ಲ. ಆದರೆ ಬಿಟಿ ನಡೆಯಲ್ಲ. ರಾಯಚೂರು ಸೀಮೆಯಲ್ಲಿ ಫೇರ್‌ಟ್ರೇಡ್ ಮಾತು ಮುಗ್ಗರಿಸುವುದೇ ಇಲ್ಲಿ. ಬೆಲೆ, ಕಾಗದಪತ್ರ ಎಲ್ಲ ಆಮೇಲಿನ ಮಾತು.

ಹಾಗಾಗಿ ನಿಮ್ಮ ವ್ಯಾಪಾರಿಗೆ ನಿಜವಾಗಿ ಯಾವ ಮುದ್ರೆ ಬೇಕು ಅಂತ ಬಿಡಿಸಿ ಕೇಳಿ. "ಫೇರ್‌ಟ್ರೇಡ್" ಎಂದು ಬಾಯಲ್ಲಿ ಹೇಳುವ ಅರ್ಧ ಜನರ ಮನಸ್ಸಿನಲ್ಲಿರುವುದು ಬೇರೆಯೇ.

ಬೆಟರ್ ಕಾಟನ್ ಆಗಿದ್ದರೆ ಬಿಟಿ ಅಡ್ಡಿಯಲ್ಲ. 2009ರಲ್ಲಿ ಶುರುವಾದ ಈ ವ್ಯವಸ್ಥೆ ಬೀಜದ ತಂತ್ರಜ್ಞಾನ ಕೇಳುವುದಿಲ್ಲ, ನೀರು, ಔಷಧ, ಮಣ್ಣು, ಕೂಲಿಯಾಳುಗಳ ಸ್ಥಿತಿ ನೋಡುತ್ತದೆ. ಆದರೆ ರೈತರಿಗೆ ಖಾತರಿ ಬೆಲೆಯೂ ಇಲ್ಲ, ಪ್ರೀಮಿಯಂ (ಬೆಲೆಯ ಮೇಲೆ ಕೊಡುವ ಹೆಚ್ಚುವರಿ ಹಣ) ಕೂಡ ಇಲ್ಲ. ಬಹುಕಾಲ ಅದು ನಡೆದದ್ದು ಮಾಸ್ ಬ್ಯಾಲೆನ್ಸ್ ಲೆಕ್ಕದಲ್ಲಿ: ಗಿರಣಿ 100 ಟನ್ ಅಂಥ ಹತ್ತಿ ಕೊಂಡರೆ ಅಷ್ಟೇ ತೂಕಕ್ಕೆ ಆ ಹೆಸರು ಹೇಳಬಹುದು, ಅಂಗಿಯಲ್ಲಿ ಇರುವ ನೂಲು ಯಾವ ಹೊಲದ್ದಾದರೂ ಆಗಿರಬಹುದು. ಹೊಲದಿಂದ ಬಟ್ಟೆಯವರೆಗೆ ಜಾಡು ಹಿಡಿಯುವ ಏರ್ಪಾಡು ಬಂದದ್ದು 2023ರ ಕೊನೆಗೆ.

ಸಾವಯವ ಆಗಿದ್ದರೆ ಎಪಿಇಡಿಎ (ಕೇಂದ್ರದ ಕೃಷಿ ರಫ್ತು ಸಂಸ್ಥೆ) ನಡೆಸುವ ಎನ್‌ಪಿಒಪಿ ಎಂಬ ರಾಷ್ಟ್ರೀಯ ಸಾವಯವ ಕಾರ್ಯಕ್ರಮದ ಪ್ರಮಾಣಪತ್ರ ಹೊಲಕ್ಕೆ, ಬಟ್ಟೆಗೆ ಗಾಟ್ಸ್ (ಸಾವಯವ ಬಟ್ಟೆಯ ಜಾಗತಿಕ ಮಾನದಂಡ). ಅಲ್ಲೂ ಬಿಟಿ ಇಲ್ಲ. ವಾರ್ಷಿಕ ಬೆಳೆಗೆ 2 ವರ್ಷ ಪರಿವರ್ತನೆ ಅವಧಿ. ಈ ಮುಂಗಾರಿಗೆ ನೋಂದಾಯಿಸಿದರೆ ಮೂರನೇ ವರ್ಷದ ಹತ್ತಿಯೇ ಪೂರ್ತಿ ಸಾವಯವ.

ಡಬ್ಲ್ಯುಎಫ್‌ಟಿಒ (ವಿಶ್ವ ಫೇರ್ ಟ್ರೇಡ್ ಸಂಘಟನೆ) ಮಾತು ಬೇರೆ. ಅದು ವಸ್ತುವನ್ನಲ್ಲ, ಸಂಸ್ಥೆಯನ್ನು 10 ತತ್ವಗಳ ಮೇಲೆ ತೂಗುತ್ತದೆ. ಕೈಕಸುಬಿನ ಸಂಘಗಳಿಗೆ ಹೊಂದುತ್ತದೆ. ನಿಮ್ಮ ಟವೆಲ್ ಸಂಘ ದೊಡ್ಡದಾದರೆ ಯೋಚಿಸಬಹುದು.

ಈಗ ದುಡ್ಡಿನ ಲೆಕ್ಕ. ಬಿಟಿ ಬಿಟ್ಟು ಸಾದಾ ತಳಿ ಹಾಕಿದ ಮೊದಲ ವರ್ಷ ಎಕರೆಗೆ 5ರ ಬದಲು 4 ಕ್ವಿಂಟಲ್ ಬಂತು ಅಂದುಕೊಳ್ಳಿ. 2025-26ರ ಬೆಂಬಲ ಬೆಲೆ ಉದ್ದ ಎಳೆಯ ಹತ್ತಿಗೆ 8,110 ರೂ. 5 ಕ್ವಿಂಟಲ್‌ಗೆ 40,550, 4 ಕ್ವಿಂಟಲ್‌ಗೆ 32,440. ಕೈ ತಪ್ಪಿದ 8,110 ರೂ. ತುಂಬಬೇಕಾದರೆ ಆ 4 ಕ್ವಿಂಟಲ್‌ನ ಪ್ರತಿಯೊಂದಕ್ಕೂ 2,000 ರೂ. ಮೇಲೆ ಹೆಚ್ಚು ಸಿಗಬೇಕು. ಬೀಜದ ಖರ್ಚು ತಗ್ಗುವುದನ್ನು ಕಳೆದರೂ 1,500ರ ಆಸುಪಾಸು ಬೇಕೇ ಬೇಕು.

ಫೇರ್‌ಟ್ರೇಡ್ ಪ್ರೀಮಿಯಂ ಇದನ್ನು ತುಂಬುವುದಿಲ್ಲ. ಅದು ರೈತರ ಜೇಬಿಗೆ ಬರುವ ಹಣವೂ ಅಲ್ಲ, ಸಂಘದ ಖಾತೆಗೆ ಬೀಳುತ್ತದೆ, ಸರ್ವಸದಸ್ಯರ ಸಭೆ ತೀರ್ಮಾನಿಸಿದಂತೆ ಖರ್ಚಾಗುತ್ತದೆ. ಕನಿಷ್ಠ ಬೆಲೆ ಅಂತ ಒಂದಿದೆ, ಆದರೆ ಅದು ನೆಲ ಮಾತ್ರ: ಮಾರುಕಟ್ಟೆ ಬೆಲೆ ಅದಕ್ಕಿಂತ ಮೇಲಿದ್ದರೆ ಮಾರುಕಟ್ಟೆ ಬೆಲೆಯನ್ನೇ ಕೊಡಬೇಕು. ಪೂರ್ತಿ ಪೈರು ಪ್ರಮಾಣಿತವಾಗಿದ್ದರೂ ಪ್ರೀಮಿಯಂ ಬರುವುದು ಫೇರ್‌ಟ್ರೇಡ್ ಹೆಸರಿನಲ್ಲಿ *ಮಾರಿದ* ಹತ್ತಿಗೆ ಮಾತ್ರ. ಲೆಕ್ಕಕ್ಕೆ ಕೆಜಿಗೆ 5 ರೂ. ಎಂದು ಹಿಡಿಯಿರಿ: 300 ಕ್ವಿಂಟಲ್ ಅಂದರೆ 30,000 ಕೆಜಿ, ಒಂದೂವರೆ ಲಕ್ಷ. 180 ಮಂದಿಗೆ ಹಂಚಿದರೆ ತಲೆಗೆ 833 ರೂ. ಇದಕ್ಕಾಗಿ 420 ಎಕರೆಯ ಬೀಜ ಬದಲಿಸಿ ಅಂತ ಯಾವ ಮುಖ ಇಟ್ಟುಕೊಂಡು ಹೇಳುತ್ತೀರಿ?

300 ಕ್ವಿಂಟಲ್‌ಗೆ ಬೇಕಾದದ್ದು 75 ಎಕರೆ. ಅಷ್ಟಕ್ಕೆ 30-35 ರೈತರ ಒಂದು ಗುಂಪು ಮಾಡಿ. ಉಳಿದವರು ಇದ್ದ ಹಾಗೇ ಇರಲಿ. ಅದೂ ವ್ಯಾಪಾರಿ ಬೆಲೆ, ಪ್ರಮಾಣ, ಮುಂಗಡ ಮೂರನ್ನೂ ಕಾಗದದ ಮೇಲೆ ಬರೆದುಕೊಟ್ಟ ಮೇಲೆ.

---

ಕಡತ_ಹಿಡಿದವ:

ಮೇಲಿನವರು ಹೇಳಿದ 75 ಎಕರೆ ಸಲಹೆ ಸರಿ. ಹೇಗೆ ಸಾಗುತ್ತದೆ ಎಂಬುದನ್ನು ಸೇರಿಸುತ್ತೇನೆ.

ನಿಯಮ ಬರೆಯುವುದು ಜರ್ಮನಿಯ ಬಾನ್‌ನಲ್ಲಿರುವ ಫೇರ್‌ಟ್ರೇಡ್ ಇಂಟರ್‌ನ್ಯಾಷನಲ್, 1997ರಲ್ಲಿ ಹುಟ್ಟಿದ್ದು. ಆಡಿಟ್ ಮಾಡಿ ಪ್ರಮಾಣಪತ್ರ ಕೊಡುವುದು ಫ್ಲೋಸರ್ಟ್. ಪೊಟ್ಟಣದ ಮೇಲೆ ಮುದ್ರೆ ಹಾಕಲು ಪರವಾನಗಿ ಕೊಡುವುದು ಇನ್ನೊಂದು ಬಾಗಿಲು. ಹೊಲಕ್ಕೆ ಪ್ರಮಾಣಪತ್ರ ಬಂದ ಮಾತ್ರಕ್ಕೆ ಟವೆಲ್ ಮೇಲೆ ಮುದ್ರೆ ಹಾಕುವಂತಿಲ್ಲ, ಮುದ್ರಿಸುವ ಮೊದಲು ವಿನ್ಯಾಸವನ್ನೂ ಒಪ್ಪಿಸಬೇಕು. ಸಾವಿರ ಪೊಟ್ಟಣ ಅಚ್ಚು ಹಾಕಿಸಿದ ಮೇಲೆ ಇದು ತಿಳಿಯುವವರು ಬಹಳ.

ರೈತರ ಕಡೆ ಎರಡು ದಾರಿ. ಸದಸ್ಯರೇ ಆಳುವ ಸಂಘವಾಗಿದ್ದರೆ ಸಣ್ಣ ಉತ್ಪಾದಕರ ಸಂಘಟನೆಯ ಮಾನದಂಡ. ಸಂಘ ಇನ್ನೂ ಗಟ್ಟಿಯಾಗಿಲ್ಲದಿದ್ದರೆ ಜಿನ್ನಿಂಗ್ (ಹತ್ತಿಯಿಂದ ಬೀಜ ಬೇರ್ಪಡಿಸುವ) ಘಟಕದವರೋ ರಫ್ತುದಾರರೋ ಮುಂದೆ ನಿಂತು ನಡೆಸುವ ಗುತ್ತಿಗೆ ಉತ್ಪಾದನೆ ಮಾನದಂಡ. ಎರಡನೆಯದು ಸಲೀಸು ಕಾಣುತ್ತದೆ, ಖರ್ಚೂ ಅವರದೇ. ಆದರೆ ಪ್ರಮಾಣಪತ್ರ ಅವರ ಹೆಸರಿನಲ್ಲಿರುತ್ತದೆ. ಮರುವರ್ಷ ಬೆಲೆ ಕುದುರದಿದ್ದರೆ ನಿಮ್ಮ ಹತ್ತಿ ಬೇರೆ ಕಡೆ ಬರಿಯ ಹತ್ತಿ ಆಗಿಬಿಡುತ್ತದೆ. ನೋಂದಾಯಿತ ಕಂಪನಿ ಇರುವ ನೀವು ಮೊದಲ ದಾರಿಯನ್ನೇ ಹಿಡಿಯಿರಿ.

ಕ್ರಮ ಹೀಗಿದೆ: ಅರ್ಜಿ ಮತ್ತು ಅರ್ಜಿ ಶುಲ್ಕ, ಬಳಿಕ ಮೊದಲ ಆಡಿಟ್, ಆಡಿಟರ್ ಎತ್ತಿದ ತಪ್ಪುಗಳನ್ನು ತಿದ್ದಿ ಸಾಕ್ಷಿ ಕಳಿಸುವುದು, ಆಮೇಲೆ ಪ್ರಮಾಣಪತ್ರ. ದೊಡ್ಡ ತಪ್ಪಿಲ್ಲದಿದ್ದರೆ ಮಧ್ಯೆ ತಾತ್ಕಾಲಿಕ ವ್ಯಾಪಾರ ಅನುಮತಿ ಸಿಗುತ್ತದೆ. ಸುತ್ತು 3 ವರ್ಷದ್ದು, ನಡುವೆ ಮತ್ತೆ ಆಡಿಟ್. ಜೂನ್‌ನಲ್ಲಿ ಬಿತ್ತಿ ಅಕ್ಟೋಬರ್‌ನಲ್ಲಿ ಬಿಡಿಸುವ ಹತ್ತಿಗೆ ಹಿಂದಿನ ನವೆಂಬರ್-ಡಿಸೆಂಬರ್‌ನಲ್ಲೇ ಅರ್ಜಿ ಹೋಗಿರಬೇಕು, ಬೀಜ ಮಾರ್ಚ್ ಒಳಗೆ ಕೈಯಲ್ಲಿರಬೇಕು. ಜೂನ್‌ನಲ್ಲಿ ಎಚ್ಚೆತ್ತು ಅರ್ಜಿ ಹಾಕುವವರ ಮೊದಲ ಪೈರು ಎಪಿಎಂಸಿಗೇ ಹೋಗುತ್ತದೆ.

ಆಡಿಟರ್ ಕೇಳುವ ಕಡತದಲ್ಲಿ ಮುಖ್ಯವಾದವು ಸದಸ್ಯರ ಪಟ್ಟಿ (ಸರ್ವೆ ನಂಬರ್, ಎಕರೆ, ಹತ್ತಿ ಎಕರೆ, ಅಂದಾಜು ಇಳುವರಿ), ಬೀಜದ ಬಿಲ್ಲು, ಹೊಲಡೈರಿ, ಖರೀದಿ ರಶೀದಿ, ಗೋದಾಮು ವಹಿ, ಸಭೆಯ ನಡವಳಿ, ಪ್ರೀಮಿಯಂಗೆ ಪ್ರತ್ಯೇಕ ಲೆಕ್ಕ ಮತ್ತು ಅದನ್ನು ಹೇಗೆ ಬಳಸುತ್ತೀರಿ ಎಂಬ ಯೋಜನೆ. ಪಹಣಿ ಅಪ್ಪನ ಹೆಸರಲ್ಲಿ, ಸದಸ್ಯತ್ವ ಮಗನ ಹೆಸರಲ್ಲಿ, ಸಿಸಿಐ ನೋಂದಣಿ ಅಣ್ಣನ ಹೆಸರಲ್ಲಿ ಇರುವುದು ನಮ್ಮ ಕಡೆ ಮಾಮೂಲು. ಇದಕ್ಕೆ ಒಂದು ಒಪ್ಪಿಗೆ ಪತ್ರ ಮಾಡಿ ಪಟ್ಟಿಗೆ ಲಗತ್ತಿಸಿ, ಇಲ್ಲದಿದ್ದರೆ ಅರ್ಧ ದಿನ ಇದರಲ್ಲೇ ಹೋಗುತ್ತದೆ.

ಹೊಲಡೈರಿಯ ಬಗ್ಗೆ ಒಂದು ಮಾತು. ಆಡಿಟ್‌ಗೆ ಎರಡು ದಿನ ಮುಂಚೆ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ 35 ಡೈರಿ ತುಂಬಿದರೆ ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ಎಲ್ಲರೂ ಒಂದೇ ದಿನ ಬಿತ್ತಿದ್ದಾರೆ, ಎಲ್ಲರಿಗೂ ಎಕರೆಗೆ ಸರಿಯಾಗಿ 4 ಕ್ವಿಂಟಲ್! ಬದಲಿಗೆ ದಿನಾಂಕ, ಕೆಲಸ, ಹಾಕಿದ್ದೇನು, ಎಷ್ಟು, ಎಷ್ಟು ಆಳು ಎಂಬ ಐದು ಕಾಲಮಿನ ಒಂದು ಹಾಳೆ ಸಾಕು. ತಿಂಗಳಿಗೊಮ್ಮೆ ಕ್ಷೇತ್ರ ಸಿಬ್ಬಂದಿ ಹೊಲದಲ್ಲೇ ನಿಂತು ಸಹಿ ಹಾಕಲಿ. ಮಣ್ಣು ಮೆತ್ತಿದ ಡೈರಿಗೆ ಆಡಿಟರ್ ಬೆಲೆ ಕೊಡುತ್ತಾರೆ.

ಔಷಧಕ್ಕೆ ಅವರದೇ ಕೆಂಪು, ಕಿತ್ತಳೆ, ಹಳದಿ ಪಟ್ಟಿಗಳಿವೆ. ಕೆಂಪು ಪಟ್ಟಿಯದನ್ನು ಮುಟ್ಟುವ ಹಾಗಿಲ್ಲ, ಮೊನೊಕ್ರೊಟೊಫಾಸ್ ಅದರಲ್ಲಿದೆ. ಅಂಗಡಿಯವರು ಕೊಟ್ಟ ಬಾಟಲಿ ತಂದು ಹೊಡೆಯುವ ಅಭ್ಯಾಸ ಇಲ್ಲಿ ಮುಳುವಾಗುತ್ತದೆ. ರೈತರಿಗೆ ಬ್ರಾಂಡಿನ ಹೆಸರು ಗೊತ್ತು, ಒಳಗಿನ ಔಷಧದ ಹೆಸರು ಗೊತ್ತಿಲ್ಲ. ಸದಸ್ಯರು ಕೊಳ್ಳುವ ಅಂಗಡಿಯಲ್ಲಿ ಸಿಗುವ ಬ್ರಾಂಡುಗಳನ್ನೇ ಬರೆದುಕೊಂಡು, ಪ್ರತಿಯೊಂದರ ಮುಂದೆ ತಾಂತ್ರಿಕ ಹೆಸರು, ಬಣ್ಣ ಹಾಕಿದ ಒಂದು ಕನ್ನಡ ಪಟ್ಟಿ ಮಾಡಿ ಅಂಗಡಿಯಲ್ಲೇ ಅಂಟಿಸಿ.

ಇನ್ನು ಬಿಡಿಸುವ ಆಳುಗಳು. ಕೆಜಿ ಲೆಕ್ಕದ ಕೂಲಿ ತಪ್ಪಲ್ಲ, ಆದರೆ ದಿನಕ್ಕೆ ಲೆಕ್ಕ ಹಾಕಿದರೆ ಕನಿಷ್ಠ ಕೂಲಿಗಿಂತ ಕೆಳಗಿಳಿಯಬಾರದು. ಮೂರನೇ ಬಿಡಿಸುವಿಕೆಗೆ ಗಿಡದಲ್ಲಿ ಹತ್ತಿ ತೆಳುವಾಗಿ ಕೆಜಿ ಇಳಿಯುತ್ತದೆ, ದರ ಅದೇ ಇದ್ದರೆ ಕೂಲಿ ಬೀಳುತ್ತದೆ. ಬಿಡಿಸುವ ಸುತ್ತಿಗೊಂದು ದರ ನಿಗದಿ ಮಾಡಿ ಬರೆದಿಡಿ. ದಸರಾ, ದೀಪಾವಳಿ ರಜೆಯಲ್ಲಿ ಮಕ್ಕಳು ತಾಯಂದಿರ ಜೊತೆ ಹೊಲಕ್ಕೆ ಬರುತ್ತಾರೆ. ಆಡಿಟರ್ ಬರುವ ಹೊತ್ತೂ ಅದೇ. 15 ತುಂಬದ ಮಗುವಿನ ಕೈಯಲ್ಲಿ ಉಡಿಚೀಲ ಕಂಡರೆ ಆ ಒಂದು ಹೊಲವಲ್ಲ, ಇಡೀ ಗುಂಪಿನ ಪ್ರಮಾಣಪತ್ರ ತೂಗುಯ್ಯಾಲೆಯಲ್ಲಿ. "ಆಟಕ್ಕೆ ಬಂದಿದೆ" ಎಂಬ ಸಮಜಾಯಿಷಿ ನಡೆಯುವುದಿಲ್ಲ. ಕೂಸುಗಳನ್ನು ನೋಡಿಕೊಳ್ಳಲು ಒಬ್ಬರನ್ನು ಕೂಲಿ ಕೊಟ್ಟು ಇಡುವುದು ಪ್ರೀಮಿಯಂ ಹಣಕ್ಕೆ ಒಳ್ಳೆಯ ಮೊದಲ ಖರ್ಚು.

---

ಎರೆಹೊಲ_ಮಾನ್ವಿ:

ಭಾಳ ಉಪಕಾರ ಆತು. 75 ಎಕರೆ ಮಾತು ಬೋರ್ಡಿನ ಮುಂದ ಇಡ್ತೀನಿ. ಆದ್ರ ಬಿಟಿ ಅಲ್ಲದ ಬೀಜ ಎಲ್ಲಿಂದ ತರೋದು? ಒಬ್ಬ ಡೀಲರ್ "ಬಿಟಿ ಪಾಕೀಟಿನ ಜೋಡಿ ಬರ್ತಿದ್ದ ಸಣ್ಣ ಪಾಕೀಟು ನಾನ್-ಬಿಟಿನೇ, ಅದನ್ನ ಕೂಡಿಸಿ ಕೊಡ್ತೀನಿ" ಅಂತಾನ.

---

ಬೀಜದ_ಗಂಟು:

ಆ ಡೀಲರ್ ಮಾತು ಕೇಳಬ್ಯಾಡ್ರಿ. ಆ ಸಣ್ಣ 120 ಗ್ರಾಮಿನ ಪೊಟ್ಟಣ ಸುತ್ತಂಚಿನ ಆಶ್ರಯ ಬೆಳೆಗೆ ಅಂತ ಕೊಡ್ತಿದ್ದುದು, ಕಾಯಿಕೊರಕಕ್ಕೆ ನಿರೋಧ ಬರಬಾರದು ಅಂತ. ಈಗಿನ 475 ಗ್ರಾಂ ಪೊಟ್ಟಣದಾಗ ಅದನ್ನ ಒಳಗೇ ಬೆರೆಸಿರ್ತಾರ, ಆರಿಸಿ ತೆಗೆಯೋಕೆ ಬರಲ್ಲ. ಹಳೇ ಸಣ್ಣ ಪೊಟ್ಟಣ ಕೂಡಿಟ್ಟು ಮಾರಿದ್ರೆ ಮೊಳಕೆಗೂ ಖಾತ್ರಿ ಇಲ್ಲ, ಶುದ್ಧತೆಗೂ ಇಲ್ಲ, ಬಿಲ್ಲಂತೂ ಇರೋದೇ ಇಲ್ಲ.

ನಿಮಗೆ ಬೇಕಿರೋದು ಬಿಲ್ಲು, ಲಾಟ್ ನಂಬರ್, ಟ್ಯಾಗ್ ಮೂರೂ ಇರೋ ಬೀಜ. ರಾಯಚೂರು, ಧಾರವಾಡ ಕೃಷಿ ವಿಶ್ವವಿದ್ಯಾಲಯಗಳ ಬೀಜ ಘಟಕದಾಗ ಡಿಸೆಂಬರ್‌ನಾಗೇ ಬೇಡಿಕೆ ಪತ್ರ ಕೊಡ್ರಿ. ಹೈಬ್ರಿಡ್ ಅಲ್ಲದ ತಳಿ ತಗೊಂಡ್ರೆ ಬೀಜ ನೀವೇ ಮುಂದಿನ ವರ್ಷಕ್ಕೆ ಇಟ್ಕೋಬಹುದು. ಜಯಧರ್‌ನಂಥ ನಾಟಿ ಹತ್ತಿ ಎರೆಭೂಮಿಗೆ ಹೇಳಿ ಮಾಡಿಸಿದ್ದು, ರಸ ಹೀರೋ ಕೀಟಕ್ಕೆ ಜಗ್ಗಲ್ಲ. ಆದ್ರೆ ಎಳೆ ಗಿಡ್ಡ, ಬಿತ್ತೋ ಕಾಲ ಹಿಂದಕ್ಕೆ, ಬಿಡಿಸೋದು ಫೆಬ್ರವರಿ-ಮಾರ್ಚ್‌ಗೆ ಹೋಗ್ತದ. ಒರಟು ನೂಲಿಗೆ, ಟವೆಲ್ಲಿಗೆ ಸರಿ. ಸಣ್ಣ ನೂಲಿನ ಅಂಗಿಬಟ್ಟೆ ಮಾಡೋ ವ್ಯಾಪಾರಿ ತಗೊಳಲ್ಲ. ಎಳೆ ಉದ್ದ ಎಷ್ಟು ಮಿಲಿಮೀಟರ್ ಬೇಕು ಅಂತ ಅವರನ್ನ ಕೇಳ್ದೆ ಬೀಜ ಆರಿಸಬ್ಯಾಡ್ರಿ. ಇದು ತಪ್ಪಿದ್ರೆ ಸರ್ಟಿಫಿಕೇಟ್ ಇದ್ದೂ ಬೇಲ್ (ಒತ್ತಿ ಕಟ್ಟಿದ ಅರಳೆ ಮೂಟೆ) ಗೋದಾಮಿನಾಗೇ ಕೂಡ್ತದ.

ಬಿತ್ತೋಕೆ ಮುಂಚೆ ಪ್ರತಿ ಲಾಟಿನ ಬೀಜಕ್ಕೆ ಬಿಟಿ ಸ್ಟ್ರಿಪ್ ಪರೀಕ್ಷೆ ಮಾಡ್ರಿ, ಮೊಳೆತು 30-40 ದಿನಕ್ಕೆ ಎಲೆಗೆ ಇನ್ನೊಮ್ಮೆ. ಎಲೆ ಪರೀಕ್ಷೆ ಹಿಂಗ: ತುದಿಯ ಎಳೆ ಎಲೆ ಆರಿಸಿ, ಪ್ಲಾಸ್ಟಿಕ್ ಟ್ಯೂಬಿನ ಮುಚ್ಚಳದಿಂದ ಎರಡು ಚುಕ್ಕಿ ಒತ್ತಿ ಟ್ಯೂಬಿಗೆ ಹಾಕ್ರಿ. ಕಿಟ್ಟಿನ ಕಡ್ಡೀಲೆ ಹಸಿರು ರಸ ಬಿಡೋ ತನಕ ಅರೀರಿ. ಅರ್ಧ ಮಿಲಿ ದ್ರಾವಣ ಹಾಕಿ ಸ್ಟ್ರಿಪ್ ನಿಲ್ಲಿಸಿ 5ರಿಂದ 10 ನಿಮಿಷ ಬಿಡ್ರಿ. ಎರಡು ಗೆರೆ ಮೂಡಿದ್ರೆ ಬಿಟಿ. ಮೇಲಿನ ಒಂದೇ ಗೆರೆ ಮೂಡಿದ್ರೆ ಬಿಟಿ ಅಲ್ಲ. ಒಂದೂ ಮೂಡದಿದ್ರೆ ಸ್ಟ್ರಿಪ್ ಕೆಟ್ಟದ, "ಬಿಟಿ ಇಲ್ಲ" ಅಂತ ಬರಕೋಬ್ಯಾಡ್ರಿ. ಬ್ಯಾಸಗಿ ಬಿಸಲಾಗ ಬೈಕಿನ ಡಿಕ್ಕಿಯೊಳಗ ಕಿಟ್ಟು ಇಟ್ಟು ತಿರುಗಿದ್ರೆ ಆಗೋದು ಇದೇ. ಹೊಲದ ನಾಲ್ಕು ಮೂಲಿ ಮತ್ತ ನಡುವಿನ ಗಿಡ ಸೇರಿಸಿ ಕನಿಷ್ಠ 20 ಗಿಡ ನೋಡ್ರಿ. ಸ್ಟ್ರಿಪ್ಪಿನ ಫೋಟೋ ತಗಿಯೋವಾಗ ಸರ್ವೆ ನಂಬರ್ ಬರೆದ ಚೀಟಿ ಪಕ್ಕದಾಗಿರ್ಲಿ.

ಪಕ್ಕದ ಹೊಲ ಬಿಟಿ ಇದ್ರೆ? ಹತ್ತಿ ಪರಾಗ ಭಾರ, ಅಂಟು, ಗಾಳಿಗೆ ದೂರ ಹೋಗಲ್ಲ, ಜೇನ್ನೊಣ ಒಯ್ತದ. ಪ್ರಮಾಣಿತ ಬೀಜೋತ್ಪಾದನೆಗೆ ಇರೋ ಅಂತರ 30 ಮೀಟರ್, ಮೂಲ ಬೀಜಕ್ಕೆ 50. ಅಷ್ಟು ಜಾಗ ಬಿಡೋಕೆ ಆಗದಿದ್ರೆ ಬದುವಿನಗುಂಟ ತೊಗರಿ ಸಾಲು ಹಾಕಿ, ಅಂಚಿನ ಹತ್ತಿಸಾಲು ಬ್ಯಾರೆ ಬಿಡಿಸಿ ಮುದ್ರೆ ಇಲ್ಲದ ಹತ್ತಿಗೆ ಹಾಕ್ರಿ. ಮುಂದಿನ ವರ್ಷದ ಬೀಜ ಮಾತ್ರ ನಡುಹೊಲದಿಂದಲೇ ತೆಗೀಬೇಕು.

ಒಬ್ಬನೇ ರೈತ ಎರಡೆಕರೆ ಬಿಟಿ, ಎರಡೆಕರೆ ಸಾದಾ ಬೆಳೆಯೋದು ಬ್ಯಾಡ್ರಿ. ಬಿತ್ತೋ ಕೂರಿಗೆಯಾಗ ಉಳಿದ ಬೀಜ, ಒಂದೇ ಮನಿಯಾಗ ರಾಶಿ, ಒಂದೇ ಅಂಡಿಗಿ (ಹತ್ತಿ ತುಂಬೋ ಚೀಲ). ಬೆರಕೆ ಆಗೇ ಆಗ್ತದ.

---

ಜಿನ್ನಿಂಗ್_ಪಾಳಿ:

ಬೆರಕೆಯ ಮಾತು ಬಂದಿದ್ದರಿಂದ ಹೇಳ್ತೀನಿ, ಹೊಲದಲ್ಲಿ ಕಾಪಾಡಿದ್ದು ಕೆಡುವುದು ಜಿನ್ನಿಂಗ್ ಅಂಗಳದಲ್ಲಿ.

300 ಕ್ವಿಂಟಲ್ ಹತ್ತಿ ಅಂದ್ರೆ ಶೇ 34 ಅರಳೆ ಲೆಕ್ಕದಲ್ಲಿ 10,200 ಕೆಜಿ, 170 ಕೆಜಿಯ 60 ಬೇಲ್. ಬೀಜ 19,200 ಕೆಜಿ, ಉಳಿದ ಶೇ 2 ಕಸ, ನಷ್ಟ. ಈ ಮೂರೂ ಅಂಕಿ ಒಂದಕ್ಕೊಂದು ಕೂಡಬೇಕು. ಶೇ 34ರ ಹತ್ತಿಯಿಂದ 75 ಬೇಲ್ ಬಂತು ಅಂದ್ರೆ ಹೊರಗಿನ ಹತ್ತಿ ಸೇರಿದೆ ಅಂತಲೇ ಅರ್ಥ. 2020ರಲ್ಲಿ ಭಾರತದ 20,000 ಟನ್ ಹತ್ತಿ ನಕಲಿ ವಹಿವಾಟು ಪತ್ರದ ಮೇಲೆ ಸಾವಯವ ಅಂತ ಹೋಗಿದೆ ಅಂತ ಗಾಟ್ಸ್ ಸಂಸ್ಥೆ ಬಯಲು ಮಾಡಿ 11 ಕಂಪನಿಗಳನ್ನ ಹೊರಗೆ ಹಾಕ್ತು. ಅವತ್ತಿಂದ ಆಡಿಟರ್‌ಗಳು ಬೇಲ್ ಎಣಿಸೋದು ಹೆಚ್ಚಾಗಿದೆ. ನಮಗೆ ಅದು ಕಿರಿಕಿರಿ, ಆದ್ರೆ ತಪ್ಪು ಅನ್ನೋಕಾಗಲ್ಲ.

ಜಿನ್ನಿಂಗ್ ಘಟಕವೂ ಸರಪಳಿಯ ಭಾಗ, ಅದಕ್ಕೂ ಪ್ರಮಾಣಪತ್ರ ಬೇಕು. ನೂಲಿನ ಗಿರಣಿ, ನೇಯ್ಗೆ, ಹೊಲಿಗೆಗೂ ಹಾಗೇ. ನಡುವಿನ ಒಂದು ಕೊಂಡಿ ಇಲ್ಲದಿದ್ರೆ ಮುಂದಿನವರು ಹೆಸರು ಹೇಳುವ ಹಾಗಿಲ್ಲ. ಗಿರಣಿ ಯಾವುದು ಅಂತ ವ್ಯಾಪಾರಿಯೇ ಹೇಳಬೇಕು, ಯಾಕಂದ್ರೆ 60 ಬೇಲ್ ಒಂದು ಲಾರಿಯೂ ತುಂಬಲ್ಲ (ನೂರರ ಹತ್ತಿರ ಹಿಡಿಯುತ್ತೆ), ಅಷ್ಟಕ್ಕಾಗಿ ಯಂತ್ರ ಸ್ವಚ್ಛ ಮಾಡಿ ಬೇರೆ ಲಾಟ್ ಓಡಿಸೋಕೆ ಎಷ್ಟೋ ಗಿರಣಿಗಳು ಒಪ್ಪಲ್ಲ.

ಅಂಗಳದಲ್ಲಿ ಮಾಡಬೇಕಾದ್ದು: ಹಿಂದಿನ ಹತ್ತಿ ಪೂರ್ತಿ ಮುಗಿದ ಮೇಲೆ ರೋಲರ್, ಸಾಗಿಸೋ ಪೈಪು, ಪ್ರೆಸ್ಸಿನ ಗುಂಡಿ ಗುಡಿಸಿ. ನಿಮ್ಮ ಹತ್ತಿಯಿಂದ ಬರುವ ಮೊದಲ ಬೇಲನ್ನ ಮುದ್ರೆ ಇಲ್ಲದ್ದು ಅಂತ ಗುರುತು ಹಾಕಿ ಬಿಟ್ಟುಕೊಡಿ, ಅದು ಯಂತ್ರ ತೊಳೆದ ನೀರಿದ್ದ ಹಾಗೆ. ಅಂದ್ರೆ ಮುದ್ರೆಯಡಿ ಮಾರೋಕೆ 59 ಬೇಲ್ ಅಂತಲೇ ಕರಾರು ಬರೀರಿ. ಪ್ರತಿ ಬೇಲ್‌ಗೆ ಪ್ರೆಸ್ ಗುರುತು, ಕ್ರಮಸಂಖ್ಯೆ, ಲಾಟ್, ತೂಕ. 24 ರೋಲರ್ ಯಂತ್ರದ ಘಟಕಕ್ಕೆ ಇದು ಒಂದು ಪಾಳಿ, ಹೆಚ್ಚೆಂದ್ರೆ ಒಂದೂವರೆ ಪಾಳಿಯ ಕೆಲಸ. ನವೆಂಬರ್ ನೂಕುನುಗ್ಗಲಲ್ಲಿ ಯಾರೂ ಯಂತ್ರ ನಿಲ್ಲಿಸಿ ಗುಡಿಸಲ್ಲ. ಹಂಗಾಮಿನ ಮೊಟ್ಟಮೊದಲ ಲಾಟ್ ನಿಮ್ಮದಾಗಿರಲಿ ಅಂತ ಮೊದಲೇ ದಿನ ಗೊತ್ತು ಮಾಡಿ.

ಹತ್ತಿ ತರುವಾಗ ಗೊಬ್ಬರದ ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಅದರ ಎಳೆ ಅರಳೆಯಲ್ಲಿ ಸೇರಿದ್ರೆ ಬಣ್ಣ ಹಿಡಿಯದೆ ಬಟ್ಟೆಯಲ್ಲಿ ಬಿಳಿ ಗೆರೆಯಾಗಿ ಎದ್ದು ಕಾಣುತ್ತೆ. ಹತ್ತಿಬಟ್ಟೆಯ ಅಂಡಿಗೆ ಹೊಲಿಸಿ, ಬೇರೆ ಬಣ್ಣದ ಪಟ್ಟಿ ಹಾಕಿಸಿ. ಇಬ್ಬನಿ ಆರಿದ ಮೇಲೆ, ಬೆಳಿಗ್ಗೆ 10ರ ನಂತರ ಬಿಡಿಸಿ. ಸಿಸಿಐನಲ್ಲಿ ತೇವ ಶೇ 8ಕ್ಕೆ ಪೂರ್ತಿ ಬೆಲೆ, 12 ದಾಟಿದ್ರೆ ವಾಪಸ್ಸು ಅನ್ನೋದು ನಿಮಗೆ ಗೊತ್ತೇ ಇದೆ. ಇಲ್ಲೂ ಅದೇ ಅಳತೆ ಇಟ್ಕೊಳ್ಳಿ.

---

ಚೀಟಿ_ಓದುಗ:

ಟವೆಲ್ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ.

"ಫೇರ್ ಟ್ರೇಡ್" ಎಂಬ ಎರಡು ಪದ ಯಾರ ಸ್ವತ್ತೂ ಅಲ್ಲ. ಆದರೆ ಕಪ್ಪು ಹಿನ್ನೆಲೆಯ ಆ ನೀಲಿ-ಹಸಿರು ಫೇರ್‌ಟ್ರೇಡ್ ಚಿಹ್ನೆ ಸ್ವತ್ತು. ಅದನ್ನೋ ಅದರ ಹೋಲಿಕೆಯದನ್ನೋ ಅನುಮತಿಯಿಲ್ಲದೆ ಹಾಕಿದರೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯಡಿ 6 ತಿಂಗಳಿಂದ 3 ವರ್ಷ ಜೈಲು, 50,000ದಿಂದ 2 ಲಕ್ಷ ರೂ. ದಂಡದವರೆಗೆ ಹೋಗಬಹುದು. ಬರಿಯ ಪದ ಹಾಕಿದರೂ ಆಧಾರ ಇಲ್ಲದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅದು ದಾರಿತಪ್ಪಿಸುವ ಜಾಹೀರಾತು: ಮೊದಲ ಸಲ 10 ಲಕ್ಷದವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ. "ಪರಿಸರಸ್ನೇಹಿ", "ನೈಸರ್ಗಿಕ", "ಸಾವಯವ" ಎಂಬಂಥ ಸಾರಾಸಗಟು ಪದಗಳಿಗೆ 2024ರ ಅಕ್ಟೋಬರ್‌ನಿಂದ ಪ್ರತ್ಯೇಕ ಮಾರ್ಗಸೂಚಿಯೇ ಇದೆ: ಹೇಳಿದ್ದಕ್ಕೆ ವಿವರಣೆ, ಪುರಾವೆ ಜೊತೆಗಿರಬೇಕು, ಕ್ಯೂಆರ್ ಕೋಡ್ ಮೂಲಕವಾದರೂ ತೋರಿಸಬೇಕು.

ನನ್ನ ಅಭಿಪ್ರಾಯ ಕೇಳಿದರೆ ಆ ಪದವೇ ಬೇಡ. ಸಣ್ಣ ಸಂಘಕ್ಕೆ ಅಂಕಿಯೇ ಒಳ್ಳೆಯ ಲೇಬಲ್. ಹೀಗೆ ಬರೆಯಿರಿ:

"ಈ ಟವೆಲ್‌ನ ಹತ್ತಿಗೆ ರೈತರಿಗೆ ಕೊಟ್ಟದ್ದು ಕ್ವಿಂಟಲ್‌ಗೆ ___ ರೂ. ಆ ವಾರ ರಾಯಚೂರು ಎಪಿಎಂಸಿ ಸರಾಸರಿ ___ ರೂ. ಹೊಲಿಗೆ ಕೂಲಿ ಟವೆಲ್‌ಗೆ ___ ರೂ. ಲಾಟ್ ___."

ಖಾಲಿ ಜಾಗ ತುಂಬಲು ಬೇಕಾದದ್ದು ಮೂರು ರಶೀದಿ. ಯಾರು ಕೇಳಿದರೂ ತೆಗೆದು ತೋರಿಸಬಹುದು. ಒಂದೇ ಎಚ್ಚರಿಕೆ: ನೂಲನ್ನು ಹೊರಗಿನ ಗಿರಣಿಯಿಂದ ಕೊಂಡಿದ್ದರೆ "ಈ ಟವೆಲ್‌ನ ಹತ್ತಿ" ಎಂದು ಬರೆಯಲು ಬರುವುದಿಲ್ಲ. ಆಗ ಹೊಲಿಗೆ ಕೂಲಿಯ ಸಾಲು ಮಾತ್ರ ಇಡಿ.

"ಕೈಮಗ್ಗ" ಎಂದರೆ ನಿಜಕ್ಕೂ ಕೈಮಗ್ಗ ಆಗಿರಬೇಕು, "ಖಾದಿ" ಎನ್ನಲು ಖಾದಿ ಆಯೋಗದ ಅನುಮತಿ ಬೇಕು. ಕೈಚೀಲದ ಮೇಲೆ ಲಂಬಾಣಿ ಕಸೂತಿ ಹಾಕಿಸಿ "ಸಂಡೂರು ಲಂಬಾಣಿ ಕಸೂತಿ" ಎಂದು ಮಾರುವ ಆಸೆ ಇದ್ದರೆ ತಡೆಯಿರಿ. ಅದಕ್ಕೆ ಭೌಗೋಳಿಕ ಸೂಚಕ ಇದೆ, ಹೆಸರು ಬಳಸುವವರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿರಬೇಕು. ಕಿನ್ನಾಳದ ಗೊಂಬೆಗೂ ಅದೇ ನಿಯಮ. ಜೊತೆಗೆ ಪೊಟ್ಟಣದ ಮೇಲೆ ಮಾಮೂಲಿ ವಿವರ: ತಯಾರಕರ ಹೆಸರು, ವಿಳಾಸ, ವಸ್ತುವಿನ ಹೆಸರು, ಎಷ್ಟು ನಗ, ಉದ್ದ-ಅಗಲ, ತಿಂಗಳು-ವರ್ಷ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ದೂರಿಗೆ ಫೋನ್. ನೈತಿಕ ಲೇಬಲ್ ಚಂದ ಬರೆದು ಎಂಆರ್‌ಪಿ ಮರೆತವರಿಗೆ ಮೊದಲ ನೋಟಿಸು ತೂಕ-ಅಳತೆ ಇಲಾಖೆಯಿಂದ ಬರುತ್ತದೆ.

---

ಬಳ್ಳಾರಿ_ಡೆನಿಮ್:

ಇದೇ ಎಳೆಯಲ್ಲಿ ಕೇಳ್ತೀನಿ. ಗಾಟ್ಸ್ ಪ್ರಮಾಣಪತ್ರ ಇರೋ ಡೆನಿಮ್ ಬಟ್ಟೆ ಗಿರಣಿಯಿಂದ ತಂದು ಇಲ್ಲಿ ಹೊಲಿದ್ರೆ ಜೀನ್ಸ್ ಮೇಲೆ "ಸಾವಯವ ಹತ್ತಿ" ಲೇಬಲ್ ಹಾಕಬಹುದಾ? ಬಟ್ಟೆಯಲ್ಲಿ ಶೇ 2 ಎಲಾಸ್ಟೇನ್ (ಹಿಗ್ಗೋ ಕೃತಕ ನೂಲು) ಇದೆ.

---

ಚೀಟಿ_ಓದುಗ:

ಎಲಾಸ್ಟೇನ್ ತೊಂದರೆಯಲ್ಲ. ಉಳಿದ ಶೇ 98 ಪೂರ್ತಿ ಪ್ರಮಾಣಿತ ಸಾವಯವ ಹತ್ತಿಯಾಗಿದ್ದರೆ ಶೇ 95ರ ಮೇಲಿನ "ಸಾವಯವ" ದರ್ಜೆಗೇ ಬರುತ್ತದೆ. ಶೇ 70ರಿಂದ 95ರ ಒಳಗಾದರೆ "ಸಾವಯವ ಹತ್ತಿ ಬಳಸಿ ಮಾಡಿದ್ದು" ಎನ್ನುವ ದರ್ಜೆ. ಹೊಲಿಗೆ ದಾರ, ಜಿಪ್ಪು, ಗುಂಡಿ ಈ ಲೆಕ್ಕಕ್ಕೆ ಬರುವುದಿಲ್ಲ, ಅವಕ್ಕೆ ಬೇರೆ ನಿಯಮ.

ಬಟ್ಟೆಯ ಪ್ರಮಾಣಪತ್ರ ಮಾತ್ರ ನಿಮ್ಮ ಬಾಗಿಲಲ್ಲೇ ಮುಗಿಯುತ್ತದೆ. ಕತ್ತರಿಸುವ ಘಟಕ, ಹೊಲಿಗೆ ಘಟಕ, ವಾಷಿಂಗ್ ಘಟಕ ಮೂರೂ ವ್ಯಾಪ್ತಿಯೊಳಗೆ ಬರಬೇಕು. ಬಳ್ಳಾರಿಯಲ್ಲಿ ತೊಡಕಾಗುವುದು ಇಲ್ಲೇ, ಯಾಕೆಂದರೆ ಹೊಲಿಗೆ ಓಣಿಯ ಜಾಬ್‌ವರ್ಕ್‌ಗೆ ಹೋಗುತ್ತದೆ, ವಾಷಿಂಗ್ ಇನ್ನೊಬ್ಬರ ಘಟಕಕ್ಕೆ. ಯಾರ ಮನೆಯಲ್ಲಿ ಎಷ್ಟು ತುಂಡು ಹೋಯಿತು, ಎಷ್ಟು ಬಂತು ಎಂಬ ವಹಿ ಇಲ್ಲದೆ ಆ ಸರಪಳಿ ನಿಲ್ಲುವುದಿಲ್ಲ. ವಾಷಿಂಗ್‌ನಲ್ಲಿ ಮರಳು ಸಿಡಿಸಿ ಬಣ್ಣ ಬಿಳಿಚಿಸುವುದು ನಿಷಿದ್ಧ, ಬಳಸುವ ರಾಸಾಯನಿಕಗಳು ಒಪ್ಪಿತ ಪಟ್ಟಿಯಲ್ಲಿರಬೇಕು, ಕೊಳೆನೀರು ಶುದ್ಧೀಕರಣ ಘಟಕ ನಿಜವಾಗಿ ಓಡುತ್ತಿರಬೇಕು. ಆಡಿಟರ್ ಅದರ ಕರೆಂಟ್ ಮೀಟರ್ ನೋಡುತ್ತಾರೆ.

ಬಟ್ಟೆ ಕೊಳ್ಳುವಾಗ ಗಿರಣಿಯ ಸ್ಕೋಪ್ ಸರ್ಟಿಫಿಕೇಟ್ ಜೆರಾಕ್ಸ್ ನೋಡಿ ತೃಪ್ತಿಪಡಬೇಡಿ. ಆ ಗಿರಣಿ ಇಂಥ ಬಟ್ಟೆ ಮಾಡಬಲ್ಲದು ಎಂದಷ್ಟೇ ಅದು ಹೇಳುತ್ತದೆ. *ನಿಮಗೆ ಬಂದ ರೋಲುಗಳಿಗೆ* ಬೇಕಾದದ್ದು ವಹಿವಾಟು ಪತ್ರ: ಇನ್‌ವಾಯ್ಸ್ ನಂಬರ್, ಮೀಟರ್, ತೂಕ ಅದರಲ್ಲಿ ಹೊಂದಬೇಕು. ಗಾಟ್ಸ್‌ನ ಸಾರ್ವಜನಿಕ ಪಟ್ಟಿಯಲ್ಲಿ ಗಿರಣಿಯ ಪರವಾನಗಿ ಸಂಖ್ಯೆ ಹುಡುಕಿ, ಅವಧಿ ಮುಗಿದಿದೆಯೇ ನೋಡಿ. ನಿಮ್ಮ ಜೀನ್ಸ್ ಲೇಬಲ್ ಮೇಲೂ ಚಿಹ್ನೆಯ ಜೊತೆ ದರ್ಜೆ, ಪ್ರಮಾಣೀಕರಿಸಿದ ಸಂಸ್ಥೆಯ ಹೆಸರು, ಪರವಾನಗಿ ಸಂಖ್ಯೆ ಮೂರೂ ಬರಬೇಕು.

---

ಎರೆಹೊಲ_ಮಾನ್ವಿ:

ವ್ಯಾಪಾರಿಗೆ ಪತ್ರ ಬರದೀನಿ. ಕೇಳಿದ್ದು ಇಷ್ಟು: ಯಾವ ಮುದ್ರೆ, ಎಳೆ ಎಷ್ಟು ಮಿಲಿಮೀಟರ್, ಗಿರಣಿ ಯಾವುದು, 59 ಬೇಲ್‌ಗೆ ಒಪ್ಪಿಗೆನಾ, ಕ್ವಿಂಟಲ್‌ಗೆ ಎಪಿಎಂಸಿ ದರದ ಮ್ಯಾಲೆ ಎಷ್ಟು, ಮುಂಗಡ ಎಷ್ಟು. ನವೆಂಬರ್ ಒಳಗ ಉತ್ತರ ಬಂದ್ರ ಬೀಜಕ್ಕ ಬೇಡಿಕೆ ಹಾಕ್ತೀವಿ, ಬರದಿದ್ರ ಈ ವರ್ಷ ಟವೆಲ್ ಚೀಟಿ ಅಷ್ಟೇ. ಸಂಘದವರು ನೂಲು ಹೊರಗಿನ ಗಿರಣಿದು ಅಂದ್ರು, ಹಂಗಾಗಿ ಹೊಲಿಗೆ ಕೂಲಿ ಸಾಲು ಒಂದೇ ಹಾಕಿಸ್ತೀವಿ.